ಏಳೂವರೆ ಅಂದರೆ ಎಷ್ಟು, ಸಿರಿ?

ತಿಪಟೂರಿನ ಬಿ.ಎಚ್. ರಸ್ತೆಯ ಒಂದು ಪಂಪ್‌ಸೆಟ್ ಅಂಗಡಿಯಿಂದ ಹೊರಬಂದ ಸೇಲ್ಸ್ ಹುಡುಗ ಬೈಕಿನ ಮೇಲೆ ಕೂತ. ಹೆಲ್ಮೆಟ್ ಏರಿಸುವ ಮೊದಲು ಫೋನನ್ನು ಬಾಯಿಯ ಹತ್ತಿರ ಹಿಡಿದು, ಪಕ್ಕದಲ್ಲಿ ನಿಂತವನಿಗೆ ಹೇಳುವ ದನಿಯಲ್ಲೇ ಹೇಳಿದ: “ಏಳೂವರೆ ಎಚ್‌ಪಿ ಎರಡು, ಐದು ಎಚ್‌ಪಿ ನಾಲ್ಕು ಬೇಕಂತೆ. ಹಳೇ ಬಾಕಿ ಬರೋ ಬುಧವಾರ ಕೊಡ್ತಾರಂತೆ.” ಅಷ್ಟರಲ್ಲಿ ಕೊಬ್ಬರಿ ಮೂಟೆ ಹೊತ್ತ ಲಾರಿಯೊಂದು ಹಾರ್ನ್ ಹೊಡೆದುಕೊಂಡು ಹೋಯಿತು. ಪರದೆಯ ಮೇಲೆ ಮೂಡಿದ್ದನ್ನು ಆತ ನನಗೆ ತೋರಿಸಿದ. ಏಳೂವರೆ ಹೋಗಿ ಏಳಾಗಿತ್ತು. ‘ಎಚ್‌ಪಿ’ ಒಂದು ಕಡೆ ‘ಹೆಚ್ಚು’, ಇನ್ನೊಂದು ಕಡೆ ‘ಎಚ್ ಬಿ’. ಬರೋ ಬುಧವಾರ ‘ಬರೋಬ್ಬರಿ ಬುಧವಾರ’ವಾಗಿ ಕೂತಿತ್ತು. “ನೋಡಿ ಸಾರ್, ಇದಕ್ಕಿಂತ ನಮ್ ಡೈರಿನೇ ವಾಸಿ” ಅಂದ. ಆದರೆ ಮುಂದಿನ ಅಂಗಡಿ ಮುಗಿಸಿ ಬಂದವನು ಮತ್ತೆ ಫೋನಿಗೇ ಹೇಳಿದ.

ಬೈದುಕೊಂಡವನು ಮತ್ತೆ ಯಾಕೆ ಹೇಳಿದ? ಇದು ತಿಳಿಯಬೇಕಾದರೆ ಆತನ ದಿನ ಹೇಗಿರುತ್ತದೆ ಎಂದು ನೋಡಬೇಕು. ತುಮಕೂರು ಬಿಟ್ಟರೆ ಗುಬ್ಬಿ, ನಿಟ್ಟೂರು, ತಿಪಟೂರು, ಅರಸೀಕೆರೆ. ದಿನಕ್ಕೆ ಹತ್ತು ಹನ್ನೆರಡು ಅಂಗಡಿ. ಈ ಕಸುಬಿನಲ್ಲಿ ಅಂಗಡಿಯವರನ್ನು ಯಾರೂ ಗ್ರಾಹಕ ಅನ್ನುವುದಿಲ್ಲ, ‘ಪಾರ್ಟಿ’ ಅನ್ನುತ್ತಾರೆ. ಪಾರ್ಟಿ ಒಳ್ಳೆಯದು, ಪಾರ್ಟಿ ಪೇಮೆಂಟ್‌ನಲ್ಲಿ ಸ್ವಲ್ಪ ನಿಧಾನ, ಪಾರ್ಟಿ ಬೇರೆ ಕಂಪನಿ ಮಾಲು ಇಡ್ತಾ ಇದೆ. ಒಂದೊಂದು ಅಂಗಡಿಯಲ್ಲೂ ಟೀ ಜೊತೆಗೆ ಇಂಥ ಹತ್ತು ಮಾತು ಸಿಗುತ್ತವೆ. ರಾತ್ರಿ ಲಾಡ್ಜಿನಲ್ಲಿ ಕೂತು ಅದನ್ನೆಲ್ಲ ಕಂಪನಿಯ ಆ್ಯಪ್‌ಗೆ ತುಂಬಬೇಕು. ಆ ಹೊತ್ತಿಗೆ ಮೂರನೆಯ ಅಂಗಡಿಯವರು ಹೇಳಿದ್ದು ಏಳನೆಯವರ ಲೆಕ್ಕಕ್ಕೆ ಸೇರಿರುತ್ತದೆ. ಅರ್ಧದಷ್ಟು ಮರೆತೇ ಹೋಗಿರುತ್ತದೆ. ಆಗ ಎಲ್ಲ ಪಾರ್ಟಿಗಳ ಮುಂದೂ ಒಂದೇ ವಾಕ್ಯ ಬೀಳುತ್ತದೆ: ‘ಮೆಟ್ ದ ಡೀಲರ್, ವಿಲ್ ಫಾಲೋ ಅಪ್.’ ಈ ವಾಕ್ಯ ಓದಿ ಓದಿ ಸುಸ್ತಾದ ಮ್ಯಾನೇಜರುಗಳು ಕರ್ನಾಟಕದ ತುಂಬ ಇದ್ದಾರೆ.

ಗ್ರಾಹಕರ ವಿವರ, ಭೇಟಿ, ಆರ್ಡರು, ಬಾಕಿ, ಮುಂದಿನ ಫೋನ್ ಕರೆ ಎಲ್ಲವನ್ನೂ ಒಂದೇ ಕಡೆ ಇಡುವ ಇಂಥ ತಂತ್ರಾಂಶಕ್ಕೆ ಸಿಆರ್‌ಎಂ ಎಂದು ಹೆಸರು. ಅಮೆರಿಕದಲ್ಲಿ 1993ರಲ್ಲಿ ಶುರುವಾದ ಸೀಬೆಲ್ ಸಿಸ್ಟಮ್ಸ್ ಇದನ್ನು ದೊಡ್ಡ ವ್ಯಾಪಾರ ಮಾಡಿತು. 1999ರಲ್ಲಿ ಹುಟ್ಟಿದ ಸೇಲ್ಸ್‌ಫೋರ್ಸ್ ಅದನ್ನು ಇಂಟರ್ನೆಟ್ಟಿಗೆ ಎಳೆದು ತಂದಿತು. ನಮ್ಮ ಪಕ್ಕದ ತಮಿಳುನಾಡಿನ ಜೋಹೋ 2005ರಿಂದ ಇದೇ ಸರಕನ್ನು ಸಣ್ಣ ಕಂಪನಿಗಳ ಕೈಗೆಟುಕುವ ಬೆಲೆಗೆ ಮಾರುತ್ತಿದೆ. ಇವುಗಳಲ್ಲೆಲ್ಲ ಇರುವ ಒಂದು ಹಳೇ ರೋಗ ಏನೆಂದರೆ, ತುಂಬಿಸುವವನು ಒಬ್ಬ, ಲಾಭ ಪಡೆಯುವವನು ಇನ್ನೊಬ್ಬ. ಬಿಸಿಲಲ್ಲಿ ತಿರುಗುವ ಹುಡುಗನಿಗೆ ಆ್ಯಪ್ ಎಂದರೆ ತನ್ನ ಮೇಲಿಟ್ಟ ಕಣ್ಣು. ಹಾಗಾಗಿ ಆತ ಅದಕ್ಕೆ ಸತ್ಯವನ್ನು ಅಳೆದು ಸುರಿದು ಕೊಡುತ್ತಾನೆ.

ಬೆರಳಿನ ಕೆಲಸವನ್ನು ಬಾಯಿಗೆ ಬಿಟ್ಟರೆ ಈ ಜಗಳ ಮುಗಿದೀತು ಎಂಬ ಆಸೆ ಹುಟ್ಟಿದ್ದು ಇಲ್ಲಿಂದಲೇ.

ಆಪಲ್ ಕಂಪನಿ 2011ರ ಅಕ್ಟೋಬರ್‌ನಲ್ಲಿ ಐಫೋನ್ 4ಎಸ್ ಜೊತೆಗೆ ಸಿರಿಯನ್ನು ತಂದಾಗ ಅದು ಹವಾಮಾನ ಹೇಳುತ್ತಿತ್ತು, ಅಲಾರಂ ಇಡುತ್ತಿತ್ತು. ಬೇರೆಯವರ ಆ್ಯಪ್‌ಗಳ ಬಾಗಿಲು ಅದಕ್ಕೆ ಮುಚ್ಚಿತ್ತು. 2016ರಲ್ಲಿ ಬಾಗಿಲು ಸ್ವಲ್ಪ ತೆರೆಯಿತು, ಅದೂ ಮೆಸೇಜು, ಕರೆ, ಹಣ ಪಾವತಿ, ಟ್ಯಾಕ್ಸಿ, ಫೋಟೋ ಹುಡುಕಾಟ, ವ್ಯಾಯಾಮದಂಥ ಬೆರಳೆಣಿಕೆಯ ಕೆಲಸಗಳಿಗೆ. ಗ್ರಾಹಕ ನಿರ್ವಹಣೆಗೆ ಆ ಪಟ್ಟಿಯಲ್ಲಿ ಜಾಗ ಇರಲಿಲ್ಲ. ಮರುವರ್ಷ ಟಿಪ್ಪಣಿ ಮತ್ತು ಕೆಲಸದ ಪಟ್ಟಿ ಎಂಬ ಬಾಗಿಲು ತೆರೆದಾಗ ಸಿಆರ್‌ಎಂ ಆ್ಯಪ್ ಬರೆಯುವವರು ಅದರಲ್ಲೇ ತೂರಿಕೊಳ್ಳಬೇಕಾಯಿತು. 2018ರಲ್ಲಿ ‘ಶಾರ್ಟ್‌ಕಟ್ಸ್’ ಬಂತು. ಯಾವ ಕೆಲಸಕ್ಕೆ ಯಾವ ಮಾತು ಎಂದು ಬಳಸುವವನೇ ತನ್ನ ದನಿಯಲ್ಲಿ ಮುದ್ರಿಸಿಕೊಳ್ಳಬಹುದಿತ್ತು. ಕೇಳಲು ಚೆಂದ, ಆದರೆ ಸೆಟ್ಟಿಂಗ್ಸ್‌ನ ಒಳಗೆ ಹೋಗಿ ಅದನ್ನು ಮಾಡಿಕೊಳ್ಳುವ ತಾಳ್ಮೆ ಎಷ್ಟು ಜನಕ್ಕಿದೆ? 2022ರ ‘ಆ್ಯಪ್ ಇಂಟೆಂಟ್ಸ್’ ವ್ಯವಸ್ಥೆ ಆ ಕಷ್ಟ ತಪ್ಪಿಸಿತು. ಆ್ಯಪ್ ಫೋನಿಗೆ ಇಳಿದ ಕೂಡಲೇ ಅದರ ಆಜ್ಞೆಗಳು ಸಿದ್ಧವಾಗಿರುತ್ತವೆ. ಷರತ್ತು ಎರಡು: ಹೇಳುವ ಮಾತಿನಲ್ಲಿ ಆ್ಯಪ್‌ನ ಹೆಸರು ಇರಲೇಬೇಕು, ಮತ್ತು ಹೀಗೆ ಸಿದ್ಧವಾಗಿಡುವ ಆಜ್ಞೆಗಳು ಒಂದು ಆ್ಯಪ್‌ಗೆ ಹತ್ತು ಮೀರಬಾರದು. ಹತ್ತೇ ಎಂದು ಗೊಣಗಿದವರಿದ್ದಾರೆ. ನನ್ನನ್ನು ಕೇಳಿದರೆ ಹತ್ತೂ ಹೆಚ್ಚು. ಅದಕ್ಕೆ ಆಮೇಲೆ ಬರುತ್ತೇನೆ.

(ಸಿರಿ ಎಂದರೆ ನಮಗೆ ಸಂಪತ್ತು. ಹೆಸರು ಇಷ್ಟು ಕನ್ನಡವಾಗಿದ್ದರೂ ಅದಕ್ಕೆ ಕನ್ನಡ ಬರುತ್ತಿರಲಿಲ್ಲ. 2024ರ ಐಒಎಸ್ 18ರಲ್ಲಿ ಭಾರತೀಯ ಇಂಗ್ಲಿಷಿನ ಜೊತೆ ಕನ್ನಡವೂ ಸೇರಿ 9 ಭಾರತೀಯ ಭಾಷೆಗಳನ್ನು ಬೆರೆಸಿ ಮಾತಾಡಬಹುದು ಎಂದಾಯಿತು. ಅಂದರೆ ಅದು ಈಗ ಬೆಂಗಳೂರಿನ ಹೊಸ ಬಾಡಿಗೆದಾರರಷ್ಟು ಕನ್ನಡ ಬಲ್ಲದು.)

ಆಂಡ್ರಾಯ್ಡ್ ಕಡೆಯ ಕಥೆ ಬೇರೆ. ಸೇಲ್ಸ್ ಹುಡುಗರ ಕೈಯಲ್ಲಿ ಹೆಚ್ಚಾಗಿ ಕಾಣುವುದು ಆಂಡ್ರಾಯ್ಡ್ ಫೋನೇ ಆದ್ದರಿಂದ ನಮಗೆ ಇದೇ ಮುಖ್ಯ. ಗೂಗಲ್ 2017ರಲ್ಲಿ ಕನ್ನಡದಲ್ಲಿ ಹೇಳಿ ಬರೆಸುವ ಸೌಲಭ್ಯ ಕೊಟ್ಟಿತು. 2019ರಲ್ಲಿ ಅದರ ಅಸಿಸ್ಟೆಂಟ್‌ಗೆ ಕನ್ನಡ ಬಂತು. ಅಸಿಸ್ಟೆಂಟ್‌ನ ಮೂಲಕವೇ ಸಂಭಾಷಣೆ ನಡೆಸುವ ಪುಟ್ಟ ಆ್ಯಪ್‌ಗಳನ್ನು ಕಟ್ಟಿ ಎಂದು ಜಗತ್ತಿನ ಡೆವಲಪರ್‌ಗಳನ್ನು ಕರೆದ ಅದೇ ಗೂಗಲ್ 2023ರ ಜೂನ್ 13ರಂದು ಆ ಇಡೀ ವ್ಯವಸ್ಥೆಗೆ ಬೀಗ ಹಾಕಿತು. ಈಗ ಅಸಿಸ್ಟೆಂಟ್‌ನ ಜಾಗಕ್ಕೆ ಜೆಮಿನಿ ಬರುತ್ತಿದೆ. ಇನ್ನೊಬ್ಬರ ಜಗಲಿಯ ಮೇಲೆ ಅಂಗಡಿ ಇಟ್ಟವರ ಪಾಡು ಇದು. ಮಾಲೀಕ ಮನೆ ಕೆಡವಿ ಕಟ್ಟುತ್ತೇನೆ ಎಂದರೆ ಗಂಟುಮೂಟೆ ಕಟ್ಟಲೇಬೇಕು.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ಸೇಲ್ಸ್‌ಫೋರ್ಸ್ 2018ರಲ್ಲಿ ‘ಐನ್‌ಸ್ಟೈನ್ ವಾಯ್ಸ್’ ಪ್ರಕಟಿಸಿತು. ಮೀಟಿಂಗ್ ಮುಗಿಸಿ ಕಾರಿಗೆ ಬಂದ ಸೇಲ್ಸ್‌ಮ್ಯಾನ್ ನಡೆದದ್ದನ್ನು ಹೇಳಿದರೆ ಸಾಕು, ಅದು ತಾನೇ ಬಿಡಿಸಿ ಸರಿಯಾದ ಕಲಂಗಳಲ್ಲಿ ತುಂಬುತ್ತದೆ ಎಂಬ ಭರವಸೆ. ಮರುವರ್ಷ ಐನ್‌ಸ್ಟೈನ್‌ನ ತಲೆಯ ಆಕಾರದ ಸ್ಪೀಕರ್ ಒಂದನ್ನೂ ತೋರಿಸಿದರು. 2020ರಲ್ಲಿ ಆ ಧ್ವನಿ ಸಹಾಯಕವನ್ನು ನಿಲ್ಲಿಸುವುದಾಗಿ ಕಂಪನಿಯೇ ಹೇಳಿತು. ತಲೆ ಚೆನ್ನಾಗಿತ್ತು ಎಂದು ಮಾತ್ರ ಹೇಳಬಲ್ಲೆ.

ಇಂಥದೊಂದು ಪ್ರಯತ್ನವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಬೆಂಗಳೂರಿನ ಒಂದು ಸಣ್ಣ ಕಂಪನಿ ತನ್ನ ಮೊಬೈಲ್ ಆ್ಯಪ್‌ಗೆ ಧ್ವನಿಯ ಆಜ್ಞೆಗಳನ್ನು ಸೇರಿಸಲು ಹೊರಟಾಗ ಕನ್ನಡದ ಮಾತುಗಳನ್ನು ಬರೆದುಕೊಡಲು ನನ್ನನ್ನು ಕರೆದಿದ್ದರು. ಮೊದಲ ದಿನವೇ ಒಂದು ಎಕ್ಸೆಲ್ ಹಾಳೆ ಮುಂದಿಟ್ಟರು. ಅದರಲ್ಲಿ ನಲವತ್ತಕ್ಕೂ ಹೆಚ್ಚು ಆಜ್ಞೆಗಳಿದ್ದವು. ಎಲ್ಲವೂ ಇಂಗ್ಲಿಷಿನಲ್ಲಿ ಯೋಚಿಸಿದವು: ಸೃಷ್ಟಿಸು ಟಾಸ್ಕ್, ತೋರಿಸು ಆರ್ಡರ್, ಬದಲಿಸು ಹಂತ. “ಕನ್ನಡದಲ್ಲಿ ಹಾಗೆ ಯಾರೂ ಮಾತಾಡಲ್ಲಪ್ಪ” ಎಂದೆ. ಹುಡುಗರು ನಕ್ಕರು. ಆ ನಗುವಿನ ಬೆಲೆ ಎರಡು ತಿಂಗಳ ನಂತರ ಗೊತ್ತಾಯಿತು.

ಆದದ್ದು ಹೀಗೆ. ಹಾಸನ ಕಡೆಯ ಒಂದು ಪಾರ್ಟಿ ಗೋಡೌನಿನಲ್ಲಿ ಜಾಗ ಇಲ್ಲ, ಈ ತಿಂಗಳ ಮಾಲು ಬೇಡ ಎಂದಿತು. ಹುಡುಗ ಫೋನಿಗೆ ಪಾರ್ಟಿ ಹೆಸರು ಹೇಳಿ, “ಈ ತಿಂಗಳ ಮಾಲು ಕಳಿಸೋದು…” ಎಂದ. ಆಗ ಯಾರೋ ಪರಿಚಯದವರು ಎದುರಿಗೆ ಬಂದರು. ಕತ್ತು ಆಡಿಸಿ ನಮಸ್ಕಾರ ಹೇಳಿ, ನಂತರ “ಬೇಡ” ಎಂದು ಮುಗಿಸಿದ. ಆದರೆ ಫೋನಿನ ಕಿವಿ ಅಷ್ಟರಲ್ಲಿ ಮುಚ್ಚಿತ್ತು. ಮಾತು ನಿಂತು ಅರೆಕ್ಷಣ ಕಳೆದರೆ ಹೇಳುವುದು ಮುಗಿಯಿತೆಂದು ಮೈಕು ತಾನೇ ಆಫ್ ಆಗುತ್ತದೆ. ಅದಕ್ಕೆ ಸಿಕ್ಕಿದ್ದು ಪಾರ್ಟಿಯ ಹೆಸರು, ಮಾಲು, ಕಳಿಸೋದು. ಮೂರು ದಿನದ ಮೇಲೆ ಲಾರಿ ಹೋಗಿ ಗೋಡೌನಿನ ಮುಂದೆ ನಿಂತಿತು. ಪಾರ್ಟಿ ಮಾಲು ಇಳಿಸಿಕೊಳ್ಳಲಿಲ್ಲ. ಲಾರಿ ಬಾಡಿಗೆ ಕಂಪನಿಯ ತಲೆಗೆ, ಬೈಗುಳ ಹುಡುಗನ ತಲೆಗೆ.

ತಪ್ಪು ಹುಡುಗನದಲ್ಲ. ಇಂಗ್ಲಿಷಿನಲ್ಲಿ ಬೇಡ ಎನ್ನುವ ಮಾತು ಬಾಯಿ ತೆರೆದ ಕೂಡಲೇ ಬಂದುಬಿಡುತ್ತದೆ. ಕನ್ನಡದ ವಾಕ್ಯ ತನ್ನ ಗುಟ್ಟನ್ನು ಕೊನೆಯವರೆಗೂ ಬಚ್ಚಿಟ್ಟುಕೊಂಡಿರುತ್ತದೆ. ಕಳಿಸಿ, ಕಳಿಸಬೇಡಿ, ಕಳಿಸಬೇಕಾ, ಕಳಿಸಿದ್ರಂತೆ, ಕಳಿಸ್ತಿದ್ರೇನೋ. ಆಜ್ಞೆ, ನಿಷೇಧ, ಪ್ರಶ್ನೆ, ಗಾಳಿಸುದ್ದಿ, ಅನುಮಾನ ಎಲ್ಲವೂ ಧಾತುವಿನ ಬಾಲದಲ್ಲಿ. ಬಾಲ ಕತ್ತರಿಸಿದರೆ ಅರ್ಥವೇ ತಿರುಗಿಬೀಳುತ್ತದೆ. ಅದರಲ್ಲೂ ಮಾತಿನ ಕೊನೆಗೆ ನಮ್ಮ ದನಿ ಇಳಿಯುವುದು ಸಹಜ. ಅಂದರೆ ಎಲ್ಲಕ್ಕಿಂತ ಮುಖ್ಯವಾದ ಅಕ್ಷರಗಳು ಎಲ್ಲಕ್ಕಿಂತ ಮೆಲ್ಲಗೆ ಕೇಳುತ್ತವೆ. ‘ಕೊಡ್ತಾರೆ’ ಮತ್ತು ‘ಕೊಡ್ತಾರಂತೆ’ ನಡುವೆ ಎಷ್ಟು ದೂರ ಎಂದು ಬಾಕಿ ವಸೂಲಿ ಮಾಡುವ ಯಾರನ್ನಾದರೂ ಕೇಳಿ. ಮೊದಲನೆಯದನ್ನು ನಂಬಿ ಲೆಕ್ಕ ಹಾಕಬಹುದು. ಎರಡನೆಯದು ಅಂಗಡಿಯ ಹುಡುಗ ಹೇಳಿದ ಮಾತು, ಯಜಮಾನರು ಊರಲ್ಲಿಲ್ಲ.

ಕಂಪನಿಯವರು ಆಮೇಲೆ ಎರಡು ಕೆಲಸ ಮಾಡಿದರು. ಮೈಕು ಮುಚ್ಚುವ ಮೊದಲು ಕಾಯುವ ಹೊತ್ತನ್ನು ಹೆಚ್ಚಿಸಿದರು. ಮಾಲು ಮತ್ತು ಹಣಕ್ಕೆ ಸಂಬಂಧಿಸಿದ ಯಾವುದನ್ನೂ ಬರೀ ಮಾತಿನಿಂದ ಮಾಡಲಾಗದಂತೆ ಕಟ್ಟಿದರು. ಪರದೆಯ ಮೇಲೆ ಬೆರಳಿಟ್ಟು ಒಪ್ಪಲೇಬೇಕು. ‘ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು’ ಎಂಬ ಗಾದೆಯನ್ನು ಅವರ ಗೋಡೆಯ ಮೇಲಿನ ಬಿಳಿ ಹಲಗೆಯಲ್ಲಿ ಯಾರೋ ಬರೆದಿದ್ದರು. ನಾನಲ್ಲ.

ಇನ್ನು ಹೆಸರಿನ ಕಷ್ಟ. ಒಳಗೆ ನಡೆಯುವ ಕೆಲಸ ಸ್ಥೂಲವಾಗಿ ಮೂರು ಹಂತದ್ದು. ದನಿ ಅಕ್ಷರವಾಗಬೇಕು, ಅಕ್ಷರದಿಂದ ಉದ್ದೇಶ ತಿಳಿಯಬೇಕು, ಉದ್ದೇಶಕ್ಕೆ ಬೇಕಾದ ವಿವರಗಳು ಅಂದರೆ ಯಾವ ಪಾರ್ಟಿ, ಎಷ್ಟು, ಯಾವಾಗ ಎನ್ನುವುದು ಆ್ಯಪ್‌ನ ದಾಖಲೆಗೆ ತಾಳೆಯಾಗಬೇಕು. ಮೊದಲ ಎರಡು ಹಂತ ಈಗ ಎಷ್ಟೋ ಸುಧಾರಿಸಿವೆ. ಜನ ಬಿದ್ದು ಏಳುವುದು ಮೂರನೆಯದರಲ್ಲಿ. ನಾನು ಕಂಡ ಪಟ್ಟಿಯಲ್ಲಿ ಮಂಜುನಾಥನ ಹೆಸರು ಹೊತ್ತ ಅಂಗಡಿ ಏಳಿದ್ದವು: ಟ್ರೇಡರ್ಸ್, ಏಜೆನ್ಸೀಸ್, ಎಲೆಕ್ಟ್ರಿಕಲ್ಸ್, ಹೀಗೆ. ಸೇಲ್ಸ್ ಹುಡುಗನ ಬಾಯಲ್ಲಿ ಇವು ಯಾವುವೂ ಅಲ್ಲ. ಒಂದು ‘ಬಸ್‌ಸ್ಟ್ಯಾಂಡ್ ಮಂಜಣ್ಣ’, ಇನ್ನೊಂದು ‘ಮೂಲೆ ಅಂಗಡಿ’. ಬಿಲ್ಲಿನ ಮೇಲೆ ಇಂಗ್ಲಿಷ್ ಹೆಸರು, ಬೋರ್ಡಿನ ಮೇಲೆ ಕನ್ನಡ ಹೆಸರು, ಬಾಯಲ್ಲಿ ಮೂರನೆಯದು.

ಇದಕ್ಕೆ ಸಿಕ್ಕ ಪರಿಹಾರ ಬಹಳ ಸರಳ. ಮೂರು ಸಾವಿರ ಹೆಸರುಗಳನ್ನು ಯಂತ್ರದ ಮುಂದಿಟ್ಟರೆ ಅದು ಕಕ್ಕಾಬಿಕ್ಕಿ. ಆದರೆ ಇಂದು ಮಂಗಳವಾರ, ಈ ಹುಡುಗನ ಇಂದಿನ ಬೀಟ್ ತಿಪಟೂರು, ಆ ಬೀಟ್‌ನಲ್ಲಿರುವುದು ಹನ್ನೆರಡು ಅಂಗಡಿ, ಫೋನು ಈಗ ನಿಂತಿರುವ ಜಾಗದ ಹತ್ತಿರ ಇರುವುದು ಎರಡೇ. ಆ ಎರಡರಲ್ಲಿ ಯಾವುದು ಎಂದು ಕೇಳಿದರೆ ಮುಗಿಯಿತು. ಜೊತೆಗೆ ಪ್ರತಿ ಪಾರ್ಟಿಗೂ ‘ಕರೆಯುವ ಹೆಸರು’ ಎಂಬ ಒಂದು ಹೊಸ ಕಲಂ ಸೇರಿಸಿದರು. ಹಾಗೆಯೇ ಬಳಕೆದಾರನಿಗೆ ಮಾತ್ರ ಸೇರಿದ ಪದಗಳನ್ನು ಸಿರಿಗೆ ಮೊದಲೇ ಹೇಳಿಕೊಡುವ ವ್ಯವಸ್ಥೆಯನ್ನು ಆಪಲ್ 2016ರಲ್ಲೇ ಇಟ್ಟಿತ್ತು, ಪಟ್ಟಿಯಲ್ಲಿ ಮುಖ್ಯವಾದದ್ದು ಮೇಲಿರಲಿ ಎಂಬ ಸೂಚನೆಯೊಂದಿಗೆ. ಕೃತಕ ಬುದ್ಧಿಮತ್ತೆ ಎಂದು ನಾವು ಬೆರಗಾಗುವ ಎಷ್ಟೋ ಕೆಲಸದ ಹಿಂದೆ ಇಂಥ ಹಳ್ಳಿಯ ಪೋಸ್ಟ್‌ಮ್ಯಾನ್‌ನ ಬುದ್ಧಿಯೇ ಇರುತ್ತದೆ.

ಅಂಕಿಗಳದ್ದು ಇನ್ನೊಂದು ಗೋಳು. ಕನ್ನಡದ ವ್ಯಾಪಾರಿ ಒಂದು ಲಕ್ಷದ ಎಪ್ಪತ್ತೈದು ಸಾವಿರ ಎನ್ನುವುದಿಲ್ಲ, ಒಂದೂಮುಕ್ಕಾಲು ಎನ್ನುತ್ತಾನೆ. ಲಕ್ಷ ಎಂಬುದು ಮುಖಭಾವದಲ್ಲಿದೆ. ಎರಡೂಕಾಲು, ಏಳೂವರೆ, ಒಂದೂವರೆ; ಪೂರ್ಣಾಂಕಕ್ಕೆ ಅಂಟಿಕೊಂಡ ಈ ಬಾಲಗಳೇ ಯಂತ್ರದ ಕಿವಿಗೆ ಜಾರುತ್ತವೆ. ಪಂಪ್‌ಸೆಟ್ ವ್ಯಾಪಾರದಲ್ಲಿ ಏಳೂವರೆ ಎಚ್‌ಪಿ ದಿನಬಳಕೆಯ ಮಾಲು, ಏಳು ಎಚ್‌ಪಿ ಎಂಬುದನ್ನು ಆ ಹುಡುಗ ಮಾರುವುದೇ ಇಲ್ಲ. ಇದನ್ನು ಆ್ಯಪ್‌ಗೆ ಹೇಳಿಕೊಟ್ಟಿದ್ದರೆ ‘ಏಳು’ ಎಂದು ಕೇಳಿದಾಗಲೂ ಅದು ಏಳೂವರೆ ಎಂದೇ ತಿಳಿಯಬೇಕಿತ್ತು. ಎಂಬತ್ತು, ತೊಂಬತ್ತುಗಳ ಗೊಂದಲಕ್ಕೆ ಮಾತ್ರ ಈ ಮದ್ದಿಲ್ಲ. ಕೇಳಿದ್ದನ್ನು ತಿರುಗಿ ಓದಿಹೇಳುವುದೊಂದೇ ದಾರಿ. ದಿನಾಂಕ ಇನ್ನೂ ಮಜಾ. ನಾಳಿದ್ದು, ಆಚೆ ವಾರ, ಸಂತೆ ದಿನ, ಅಮಾವಾಸ್ಯೆ ಕಳೆದ ಮೇಲೆ. ಅಮಾವಾಸ್ಯೆಯನ್ನು ಪಂಚಾಂಗ ನೋಡಿ ತುಂಬಬಹುದು ಎಂದು ಒಬ್ಬ ಹುಡುಗ ಉತ್ಸಾಹದಿಂದ ಹೊರಟಿದ್ದ. ಬಾಕಿ ಕೊಡುವವರ ಅಮಾವಾಸ್ಯೆ ಪಂಚಾಂಗದಲ್ಲಿ ಸಿಗುವುದಿಲ್ಲ ಎಂದು ಅವನಿಗೆ ಹಿರಿಯರು ತಿಳಿಹೇಳಿದರು.

ಯಂತ್ರಕ್ಕೆ ಕನ್ನಡ ಕಲಿಸಿದವರು ಯಾರು ಎಂಬುದೂ ಇಲ್ಲಿ ಮುಖ್ಯ. ಮದ್ರಾಸ್ ಐಐಟಿಯ ಎಐ4ಭಾರತ್ ತಂಡ ‘ಶ್ರುತಿಲಿಪಿ’ ಎಂಬ ಸಂಗ್ರಹ ಮಾಡಿತು. ಕನ್ನಡವೂ ಸೇರಿ 12 ಭಾಷೆಗಳಲ್ಲಿ 6,400 ಗಂಟೆಗೂ ಹೆಚ್ಚಿನ ಮಾತು, ಎಲ್ಲವೂ ಆಕಾಶವಾಣಿಯ ವಾರ್ತೆಗಳಿಂದ ತೆಗೆದದ್ದು. ದೊಡ್ಡ ಕೆಲಸವೇ. ಆದರೆ ಬರೀ ವಾರ್ತೆ ಕೇಳಿ ಬೆಳೆದ ಕಿವಿಗೆ ‘ಹೋಗಿದ್ದಾರೆ’ ಗೊತ್ತು, ‘ಹೋಗವ್ರೆ’ ಗೊತ್ತಿಲ್ಲ. ಅದೇ ತಂಡ ದೇಶದ 203 ಜಿಲ್ಲೆಗಳ ಜನರಿಂದ ಓದಿಸಿ ‘ಕಥ್‌ಬಾತ್’ ಎಂಬ 1,684 ಗಂಟೆಗಳ ಇನ್ನೊಂದು ಸಂಗ್ರಹ ಮಾಡಿತು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ‘ರೆಸ್ಪಿನ್’ ಯೋಜನೆ ಕೃಷಿ ಮತ್ತು ಹಣಕಾಸಿನ ಮಾತುಗಳನ್ನೇ ಗುರಿಯಾಗಿಟ್ಟುಕೊಂಡು 9 ಭಾಷೆಗಳಲ್ಲಿ ದನಿ ಕೂಡಿಸಿತು, ಅದರಲ್ಲಿ ಕನ್ನಡವೂ ಇದೆ. ಪಂಪು, ಬಾಕಿ, ಬಡ್ಡಿ, ಬೋರು ಎಂಬ ಪದಗಳು ಇಂಥ ಕಡೆಯಿಂದ ಬರಬೇಕೇ ಹೊರತು ಕ್ಯಾಲಿಫೋರ್ನಿಯಾದಿಂದ ಬರುವುದಿಲ್ಲ. ಬೆಂಗಳೂರಿನ ‘ಕಾರ್ಯ’ ಸಂಸ್ಥೆ ಹಳ್ಳಿಯ ಜನರಿಗೆ ಹಣ ಕೊಟ್ಟು ಅವರ ದನಿ ಸಂಗ್ರಹಿಸುತ್ತದೆ. ಚಾಮರಾಜನಗರ ಜಿಲ್ಲೆಯ ಹೆಣ್ಣುಮಕ್ಕಳು ಮನೆಕೆಲಸದ ನಡುವೆ ಫೋನಿಗೆ ಕನ್ನಡ ಓದಿ ಸಂಪಾದಿಸಿದ್ದಾರೆ. ಮಾತಿಗೂ ಕೂಲಿ ಇದೆ ಎಂದು ಒಪ್ಪಿದ ಈ ಪದ್ಧತಿ ನನಗೆ ಬಹಳ ಹಿಡಿಸಿತು.

ಮತ್ತೆ ಆ ನಲವತ್ತು ಆಜ್ಞೆಗಳ ಎಕ್ಸೆಲ್ ಹಾಳೆಗೆ ಬರುತ್ತೇನೆ. ಬಿಡುಗಡೆಯಾದ ಮೇಲೆ ಅವುಗಳಲ್ಲಿ ಹೆಚ್ಚಿನವನ್ನು ಯಾರೂ ಒಮ್ಮೆಯೂ ಹೇಳಲಿಲ್ಲ. ಈ ತಿಂಗಳ ಟಾರ್ಗೆಟ್ ಎಷ್ಟು ಮುಗಿದಿದೆ ಎಂದು ಕೇಳುವ ಆಜ್ಞೆ ಮ್ಯಾನೇಜರಿಗೆ ಬಹಳ ಪ್ರಿಯವಾಗಿತ್ತು. ಅಂಗಡಿಯವನ ಎದುರು ನಿಂತು ಆ ಉತ್ತರವನ್ನು ಸ್ಪೀಕರಿನಲ್ಲಿ ಕೇಳಿಸಿಕೊಳ್ಳುವ ಧೈರ್ಯ ಯಾವ ಹುಡುಗನಿಗಿದೆ? ಉಳಿದದ್ದು ಮೂರು. ಭೇಟಿ ಮುಗಿದ ಕೂಡಲೇ ಟಿಪ್ಪಣಿ ಹೇಳುವುದು. ಇಂಥ ದಿನ ನೆನಪಿಸು ಎನ್ನುವುದು. ಅಂಗಡಿಯೊಳಗೆ ಕಾಲಿಡುವ ಮೊದಲು ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಈ ಪಾರ್ಟಿಯದ್ದು ಹಿಂದಿನ ಸಲ ಏನಾಗಿತ್ತು ಎಂದು ಕೇಳುವುದು. ಮೂರನೆಯದನ್ನು ಯಾರೂ ಯೋಜಿಸಿರಲಿಲ್ಲ. ಒಂದು ಹಳೇ ಆಜ್ಞೆಯನ್ನು ಹುಡುಗರೇ ಹಾಗೆ ಬಳಸತೊಡಗಿದರು. ಹೋದ ತಿಂಗಳು ಯಜಮಾನರ ಮಗಳ ಮದುವೆ ಇತ್ತು ಎಂದು ತಾನೇ ಹೇಳಿಟ್ಟ ಮಾತು ಬಾಗಿಲಲ್ಲಿ ಕೇಳಿದರೆ, ಒಳಗೆ ಹೋಗಿ “ಮದ್ವೆ ಚೆನ್ನಾಗಾಯ್ತಾ ಯಜಮಾನ್ರೇ?” ಎಂದು ಶುರುಮಾಡಬಹುದು. ಆ್ಯಪ್ ಮೊದಲ ಸಲ ತುಂಬಿಸುವವನ ಕಡೆ ನಿಂತದ್ದು ಇಲ್ಲಿ. ಟಿಪ್ಪಣಿಗಳು ಉದ್ದವಾದದ್ದು, ನಿಜವಾದದ್ದು ಆಮೇಲೆ.

ತಿಪಟೂರಿನ ಹುಡುಗ ಮತ್ತೆ ಫೋನಿಗೇ ಹೇಳಿದ್ದಕ್ಕೂ ಇದೇ ಕಾರಣ. ‘ಬರೋಬ್ಬರಿ ಬುಧವಾರ’ ಎಂದು ಬಿದ್ದರೂ ಆತನ ದನಿಯೇ ಅದರ ಜೊತೆ ಉಳಿದಿರುತ್ತದೆ. ಬೇಕಾದಾಗ ಕೇಳಿಸಿಕೊಳ್ಳುತ್ತಾನೆ. ಅಕ್ಷರ ತಪ್ಪಿದರೂ ದನಿ ತಪ್ಪುವುದಿಲ್ಲ. ಆ್ಯಪ್ ಕಟ್ಟುವವರಲ್ಲಿ ಎಷ್ಟೋ ಜನ ಅಕ್ಷರ ಬಂದ ಕೂಡಲೇ ದನಿಯನ್ನು ಅಳಿಸಿಬಿಡುತ್ತಾರೆ, ಜಾಗ ಉಳಿಯಲಿ ಎಂದು. ಕನ್ನಡದ ಮಟ್ಟಿಗೆ ಈಗಲೇ ಅದು ಬೇಡ.

ಹಾಗೆಂದು ದನಿಯನ್ನು ಎಲ್ಲೆಂದರಲ್ಲಿ ಇಡುವಂತೆಯೂ ಇಲ್ಲ. ಅದರಲ್ಲಿ ಪಾರ್ಟಿಯ ಫೋನ್ ನಂಬರು, ಸಾಲ, ಮನೆಯ ವಿಷಯ ಎಲ್ಲ ಇರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಇಂಥದ್ದಕ್ಕೂ ಅನ್ವಯ. ಲಾಕ್ ಆದ ಫೋನು ಬಾಕಿಯ ಮೊತ್ತವನ್ನು ಗಟ್ಟಿಯಾಗಿ ಓದಿಹೇಳಬಾರದು. ಅಂಗಡಿಯವರ ಮಾತನ್ನು ಅವರಿಗೆ ಗೊತ್ತಿಲ್ಲದೆ ಮುದ್ರಿಸಿಕೊಳ್ಳಬಾರದು. ಹುಡುಗ ಹೊರಗೆ ಬಂದು ತನ್ನ ಮಾತಿನಲ್ಲಿ ಹೇಳುವುದು ಬೇರೆ, ಒಳಗೆ ಮೈಕು ತೆರೆದಿಟ್ಟು ಕೂರುವುದು ಬೇರೆ. ಬೈಕ್ ಓಡಿಸುತ್ತಾ ಹೇಳುವುದಂತೂ ಬೇಡವೇ ಬೇಡ. ಧ್ವನಿಯ ಆಜ್ಞೆಗಳ ಜಾಹೀರಾತುಗಳಲ್ಲಿ ವಾಹನ ಓಡಿಸುತ್ತಾ ಮಾತಾಡುವ ಚಿತ್ರ ಯಾಕಿರುತ್ತದೋ ನನಗೆ ಅರ್ಥವಾಗಿಲ್ಲ.

ಧ್ವನಿಯ ಆಜ್ಞೆ ಸೇರಿಸಲು ಹೊರಟಿರುವ ಡೆವಲಪರ್ ಗೆಳೆಯರಲ್ಲಿ ಒಂದು ಕೋರಿಕೆ. ಏಸಿ ಹಾಕಿದ ಮೀಟಿಂಗ್ ರೂಮಿನಲ್ಲಿ ಪರೀಕ್ಷೆ ಪಾಸಾಯಿತೆಂದು ಬಿಡುಗಡೆ ಮಾಡಬೇಡಿ. ಬೆಳಿಗ್ಗೆ ಬಸ್ಸು ಹತ್ತಿ ತಿಪಟೂರಿಗೆ ಹೋಗಿ, ಬಿ.ಎಚ್. ರಸ್ತೆಯ ಬದಿಯಲ್ಲಿ ನಿಂತು, ಒಂದು ಲಾರಿ ಬರುವವರೆಗೆ ಕಾದು, ಆಮೇಲೆ ‘ಏಳೂವರೆ ಎಚ್‌ಪಿ ಬೇಡ’ ಎಂದು ಹೇಳಿ ನೋಡಿ.